ಅರ್ಧ ಉಳಿದ ತಟ್ಟೆ: ನಾಯಿಯ ಮೆದುಳಿನ ಗೆಡ್ಡೆಯನ್ನು ಪತ್ತೆ ಹಚ್ಚುವುದು ಹೇಗೆ?

ಭೀಮ ಊಟ ಬಿಡುವ ನಾಯಿಯಲ್ಲ. ಲ್ಯಾಬ್ರಡಾರ್ ಮತ್ತು ಬೀದಿನಾಯಿಯ ಮಿಶ್ರತಳಿ, ಆಗ ಒಂಬತ್ತು ವರ್ಷ. ಮಜ್ಜಿಗೆ ಅನ್ನ ಹಾಕಿದರೆ ತಟ್ಟೆಯನ್ನು ನೆಕ್ಕಿ ಕನ್ನಡಿಯಂತೆ ಮಾಡಿಡುತ್ತಿದ್ದ. ಹೋದ ವರ್ಷ ಬೇಸಿಗೆ ಭತ್ತದ ಕೊಯ್ಲು ನಡೆದಿದ್ದಾಗ, ಸಿಂಧನೂರಿನ ಹತ್ತಿರದ ನಮ್ಮ ಕ್ಯಾಂಪಿನ (ಕಾಲುವೆ ಸೀಮೆಯ ಸಣ್ಣ ಊರಿನ) ಮನೆಯಲ್ಲಿ, ಅವನ ತಟ್ಟೆಯಲ್ಲಿ ಅನ್ನ ಉಳಿಯತೊಡಗಿತು. ಉಳಿದದ್ದು ಗೆರೆ ಎಳೆದಂತೆ ಅರ್ಧ, ಅದೂ ಯಾವಾಗಲೂ ಎಡಗಡೆಯ ಅರ್ಧ. ಬಿಸಿಲಿಗೆ ಹಸಿವು ಸತ್ತಿದೆ ಎಂದುಕೊಂಡೆವು. ಒಂದು ದಿನ ಅಮ್ಮ ತಟ್ಟೆಯನ್ನು ಸುಮ್ಮನೆ ತಿರುಗಿಸಿ ಇಟ್ಟರು. ಉಳಿದ ಅನ್ನವನ್ನೂ ಗಬಗಬನೆ ತಿಂದ. ನಮಗೆ ಅದು ವಿಚಿತ್ರವೆನಿಸಿತು, ಅಷ್ಟೇ. ಮೂರು ವಾರದ ನಂತರ ಬೆಳಗಿನ ಜಾವ ಅವನಿಗೆ ಫಿಟ್ಸ್ ಬಂತು.

ಅಕ್ಕಪಕ್ಕದವರು ಸೇರಿದರು. ಒಬ್ಬರು ‘ಎಣ್ಣೆ ನೆಕ್ಕಿದೆ’ ಎಂದರು. ನಮ್ಮ ಕಡೆ ಗದ್ದೆಗೆ ಹೊಡೆಯುವ ಕ್ರಿಮಿನಾಶಕಕ್ಕೆ ಎಣ್ಣೆ ಎಂದೇ ಹೆಸರು. ಇನ್ನೊಬ್ಬರು ‘ಹುಚ್ಚು ಹಿಡಿದಿದೆ, ದೂರ ಇರಿ’ ಎಂದರು. ಮತ್ತೊಬ್ಬರು ‘ಲಕ್ವ’ ಎಂದರು. ಗೆಡ್ಡೆ ಎಂದವರು ಯಾರೂ ಇಲ್ಲ. ಆದರೆ ಆ ಮೂರು ಮಾತುಗಳಲ್ಲಿ ಒಂದೂ ಮೂರ್ಖತನದ್ದಲ್ಲ ಎನ್ನುವುದು ನನಗೆ ಆಮೇಲೆ ತಿಳಿಯಿತು. ಪಶುವೈದ್ಯರು ಕೂಡ ಅದೇ ಪಟ್ಟಿಯಿಂದಲೇ ಶುರು ಮಾಡುತ್ತಾರೆ. ಮೆದುಳಿನ ಗೆಡ್ಡೆಯನ್ನು ಪತ್ತೆ ಮಾಡುವುದೆಂದರೆ ಬಹುಪಾಲು ಅದಲ್ಲದ ಒಂದೊಂದನ್ನೂ ಸರಿಯಾದ ಕ್ರಮದಲ್ಲಿ ಪಟ್ಟಿಯಿಂದ ಹೊಡೆದುಹಾಕುವ ಕೆಲಸ. ದೊಡ್ಡ ಊರಿನ ಯಂತ್ರ ಬರುವುದು ಕಟ್ಟಕಡೆಗೆ. ಅದಕ್ಕೂ ಮೊದಲಿನ ದಾರಿಯ ಮುಕ್ಕಾಲು ಪಾಲು ನಮ್ಮ ತಾಲ್ಲೂಕಿನಲ್ಲೇ, ವೈದ್ಯರ ಕಣ್ಣು, ಕೈ ಮತ್ತು ಒಂದಿಷ್ಟು ರಕ್ತದಿಂದ ಮುಗಿಯುತ್ತದೆ. ಇದು ತಿಳಿಯದೆ ಎಷ್ಟೋ ನಾಯಿಗಳು ತಪ್ಪು ಹೆಸರಿನ ಕಾಯಿಲೆಯಿಂದ ಸಾಯುತ್ತಿವೆ ಎಂಬ ಸಂಕಟಕ್ಕೆ ಇದನ್ನು ಬರೆಯುತ್ತಿದ್ದೇನೆ.

ಮೊದಲಿಗೆ ಹುಚ್ಚು, ಅಂದರೆ ರೇಬಿಸ್. ನಮ್ಮ ದೇಶದಲ್ಲಿ ನಾಯಿಯ ನಡವಳಿಕೆ ಏಕಾಏಕಿ ಬದಲಾದರೆ ಎಲ್ಲಕ್ಕಿಂತ ಮುಂಚೆ ಇದನ್ನೇ ನೆನೆಯಬೇಕು, ಏಕೆಂದರೆ ಇಲ್ಲಿ ಮನುಷ್ಯರ ಪ್ರಾಣವೂ ಪಣಕ್ಕಿದೆ. ನಮ್ಮ ವೈದ್ಯರು ಕೈಗವಸು ಹಾಕಿಕೊಂಡ ಮೇಲೆಯೇ ಭೀಮನನ್ನು ಮುಟ್ಟಿದರು. ಲಸಿಕೆಯ ಕಾರ್ಡ್ ಕೇಳಿದರು. ಬೇರೆ ನಾಯಿ ಕಚ್ಚಿತ್ತೇ, ಧ್ವನಿ ಬದಲಾಗಿದೆಯೇ, ಕೆಳದವಡೆ ಜೋತುಬಿದ್ದಿದೆಯೇ, ನೀರು ನುಂಗಲು ಆಗುತ್ತಿದೆಯೇ ಎಂದು ವಿಚಾರಿಸಿದರು. ಫಿಟ್ಸ್ ಬಂದಾಗ ಬಾಯಿಗೆ ಕೈ ಹಾಕಿದ್ದಿರಾ ಎಂದೂ ಕೇಳಿದರು. ಗಾಯದ ಕೈಗೆ ಜೊಲ್ಲು ತಗುಲಿದ್ದರೆ ಸೋಪು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು ಆಸ್ಪತ್ರೆಗೆ ಹೋಗಲೇಬೇಕು, ನಾಯಿಯ ಕಾಯಿಲೆ ಏನೇ ಇರಲಿ. ರೇಬಿಸ್ ಲಕ್ಷಣ ತೋರಿದ ನಾಯಿ ಸಾಮಾನ್ಯವಾಗಿ ಹತ್ತು ದಿನದೊಳಗೆ ಸಾಯುತ್ತದೆ. ಭೀಮನ ತಟ್ಟೆಯಲ್ಲಿ ಅರ್ಧ ಅನ್ನ ಉಳಿಯತೊಡಗಿ ಮೂರು ವಾರವಾಗಿತ್ತು, ಲಸಿಕೆ ತಪ್ಪಿರಲಿಲ್ಲ. ಕಾಲವೇ ಅದನ್ನು ಪಟ್ಟಿಯಿಂದ ತೆಗೆಯಿತು.

ವಿಷದ ಸಂಶಯವನ್ನೂ ಕಾಲವೇ ಬಗೆಹರಿಸುತ್ತದೆ. ಭತ್ತ, ಹತ್ತಿ, ಮೆಣಸಿನಕಾಯಿ ಬೆಳೆಯುವ ನಮ್ಮ ಸೀಮೆಯಲ್ಲಿ ನಾಯಿಗೆ ಫಿಟ್ಸ್ ಬರಲು ಕ್ರಿಮಿನಾಶಕ ನಿಜಕ್ಕೂ ದೊಡ್ಡ ಕಾರಣ. ಆದರೆ ಆರ್ಗನೋಫಾಸ್ಫೇಟ್ ಜಾತಿಯ ವಿಷ ನಿಮಿಷಗಳಲ್ಲಿ ಇಲ್ಲವೇ ಗಂಟೆಗಳಲ್ಲಿ ತನ್ನ ಗುರುತನ್ನು ತೋರಿಸುತ್ತದೆ: ಧಾರಾಕಾರ ಜೊಲ್ಲು, ಕಣ್ಣೀರು, ಭೇದಿ, ಚರ್ಮದಡಿಯ ಸ್ನಾಯುಗಳ ಅದುರು, ಸೂಜಿಮೊನೆಯಷ್ಟಕ್ಕೆ ಕುಗ್ಗಿದ ಕಣ್ಣಿನ ಪಾಪೆ. ಇವು ಕಂಡರೆ ಈ ಲೇಖನದ ಉಳಿದ ಭಾಗ ಬೇಡ, ಕೂಡಲೇ ಅಟ್ರೊಪಿನ್ ಚುಚ್ಚುಮದ್ದು ಸಿಗುವ ಕಡೆಗೆ ಓಡಬೇಕು. ಭೀಮನಲ್ಲಿ ಇವು ಒಂದೂ ಇರಲಿಲ್ಲ. ಬೆಳಗಿನ ಜಾವವಾದ್ದರಿಂದ ಬಿಸಿಲಾಘಾತದ ಮಾತೂ ಇಲ್ಲ.

ಇನ್ನು ವಯಸ್ಸಿನ ಲೆಕ್ಕ. ಮೆದುಳಿನಲ್ಲಿ ಯಾವ ಗಾಯವೂ ಕಾಣದೆ, ಹುಟ್ಟಿನ ಗುಣದಿಂದ ಬರುವ ಮೂರ್ಛೆರೋಗ ನಾಯಿಗಳಲ್ಲಿ ಸಾಮಾನ್ಯವಾಗಿ ಆರು ತಿಂಗಳಿಂದ ಆರು ವರ್ಷದೊಳಗೆ ಶುರುವಾಗುತ್ತದೆ. ಅದುವರೆಗೂ ಆರೋಗ್ಯವಾಗಿದ್ದ ನಾಯಿಗೆ ಆರು ವರ್ಷ ದಾಟಿದ ಮೇಲೆ ಜೀವನದ ಮೊದಲ ಫಿಟ್ಸ್ ಬಂದರೆ ತಲೆಯೊಳಗೆ ಏನೋ ಬೆಳೆದಿದೆಯೇ ಎಂದು ವೈದ್ಯರು ಹುಡುಕುತ್ತಾರೆ. ಮೆದುಳಿನ ಮುಂಭಾಗದ ಗೆಡ್ಡೆಗಳಲ್ಲಿ ಅತಿ ಸಾಮಾನ್ಯ ಮೊದಲ ಗುರುತು ಫಿಟ್ಸ್‌ ಆಗಿರುತ್ತದೆ. ಬಾಕ್ಸರ್, ಬುಲ್‌ಡಾಗ್‌ನಂಥ ಚಪ್ಪಟೆ ಮೂತಿಯ ತಳಿಗಳಲ್ಲಿ ಮೆದುಳಿನ ಒಳಗಿನಿಂದಲೇ ಹುಟ್ಟುವ ಗ್ಲಿಯೋಮಾ ಹೆಚ್ಚು. ಉದ್ದ ಮೂತಿಯ ತಳಿಗಳಲ್ಲಿ, ಗೋಲ್ಡನ್ ರಿಟ್ರೀವರ್‌ಗಳಲ್ಲಿ, ಮೆದುಳಿನ ಹೊದಿಕೆಯಿಂದ ಹುಟ್ಟುವ ಮೆನಿಂಜಿಯೋಮಾ ಹೆಚ್ಚು. ಒಟ್ಟಾರೆ ನಾಯಿಗಳಲ್ಲಿ ಮೆದುಳಿನಲ್ಲೇ ಹುಟ್ಟುವ ಗೆಡ್ಡೆಗಳ ಪೈಕಿ ಮೊದಲ ಸ್ಥಾನ ಮೆನಿಂಜಿಯೋಮಾದ್ದು.

ಇಲ್ಲಿಂದ ಮುಂದೆ ನಡೆದದ್ದು ನಾನು ಮರೆಯಲಾಗದ ಪಾಠ. ವೈದ್ಯರು ಯಾವ ಉಪಕರಣವನ್ನೂ ತೆಗೆಯಲಿಲ್ಲ. ಕಟ್ಟೆಯ ಮೇಲೆ ಕುಳಿತು, ‘ಅವನನ್ನು ಬಿಡಿ, ಸುಮ್ಮನೆ ಓಡಾಡಲಿ’ ಎಂದರು. ಭೀಮ ಅಂಗಳದ ಬೇವಿನ ಮರದ ಸುತ್ತ ದೊಡ್ಡ ದೊಡ್ಡ ಸುತ್ತು ಹಾಕಿದ, ಪ್ರತಿ ಸಲವೂ ಬಲಕ್ಕೇ ತಿರುಗಿ. ಆಮೇಲೆ ಅವರು ಅವನ ಮುಂದಿನ ಎಡಪಾದವನ್ನು ಮಡಚಿ, ಪಾದದ ಮೇಲ್ಭಾಗ ನೆಲಕ್ಕೆ ತಾಗುವಂತೆ ಇಟ್ಟರು. ಆರೋಗ್ಯವಂತ ನಾಯಿ ಕಣ್ಣು ಮಿಟುಕಿಸುವುದರೊಳಗೆ ಪಾದವನ್ನು ಸರಿಮಾಡಿಕೊಳ್ಳುತ್ತದೆ. ಭೀಮ ಹಾಗೆಯೇ ನಿಂತ. ಎರಡು, ಮೂರು, ನಾಲ್ಕು ಕ್ಷಣ. ತನ್ನ ಪಾದ ಎಲ್ಲಿದೆ ಎಂಬುದೇ ಅವನಿಗೆ ತಿಳಿದಿರಲಿಲ್ಲ. ಹಿಂದಿನ ಎಡಗಾಲೂ ಅಷ್ಟೇ. ಬಲಗಾಲುಗಳು ತಟ್ಟನೆ ತಿರುಗಿದವು.

ನಂತರ ಕಣ್ಣು. ಗಾಳಿ ಬಡಿಯದಂತೆ ಅಂಗೈಯನ್ನು ಕಣ್ಣಿನ ಹತ್ತಿರಕ್ಕೆ ಒಯ್ದರು. ಬಲಗಣ್ಣು ಮುಚ್ಚಿತು, ಎಡಗಣ್ಣು ತೆರೆದೇ ಇತ್ತು. ‘ಎಡಗಣ್ಣು ಹೋಗಿದೆಯೇ ಡಾಕ್ಟರೇ?’ ಎಂದೆ. ಅವರು ಟಾರ್ಚ್ ಬಿಟ್ಟು ತೋರಿಸಿದರು: ಪಾಪೆ ಚೆನ್ನಾಗಿ ಕುಗ್ಗಿತು. ರೆಪ್ಪೆಯ ಮೂಲೆಯನ್ನು ಬೆರಳಿನಿಂದ ಮುಟ್ಟಿದರು: ಕಣ್ಣು ಮುಚ್ಚಿತು. ಅಂದರೆ ಕಣ್ಣು ಸರಿಯಿದೆ, ಕಣ್ಣಿನ ನರವೂ ಸರಿಯಿದೆ, ರೆಪ್ಪೆ ಮುಚ್ಚುವ ನರವೂ ಸರಿಯಿದೆ. ಬೆಳಕಿಗೆ ಪಾಪೆ ಕುಗ್ಗುವ ತಂತಿ ಮೆದುಳಿನ ಬುಡದಲ್ಲೇ ಸುತ್ತಿ ಬರುತ್ತದೆ. ‘ಕೈ ಬರುತ್ತಿದೆ, ಹುಷಾರು’ ಎಂದು ಅರಿಯುವ ಸಂಗತಿ ಮಾತ್ರ ಮೇಲಿನ ದೊಡ್ಡ ಮೆದುಳಿನವರೆಗೂ ಹೋಗಬೇಕು. ದಾರಿ ಕಡಿದದ್ದು ಆ ಮೇಲಿನ ಭಾಗದಲ್ಲಿ. ನಾಯಿಯ ಕಣ್ಣಿನ ನರದ ಎಳೆಗಳಲ್ಲಿ ಸುಮಾರು 75 ಶೇಕಡಾ ಎದುರು ಬದಿಗೆ ದಾಟುತ್ತವೆ, ಆದ್ದರಿಂದ ಎಡದ ಜಗತ್ತನ್ನು ನೋಡುವುದು ಮುಖ್ಯವಾಗಿ ಬಲಮೆದುಳು. ಎಡಪಾದಗಳ ಅರಿವೂ ಬಲಮೆದುಳಿನದೇ. ಸುತ್ತು ಹಾಕುವುದು ಮಾತ್ರ ಗಾಯವಿರುವ ಬದಿಗೆ, ಅಂದರೆ ಬಲಕ್ಕೆ.

ಎಲ್ಲ ಬೆರಳುಗಳೂ ಒಂದೇ ಜಾಗವನ್ನು ತೋರಿಸಿದವು: ಬಲಗಡೆಯ ಮುಂಮೆದುಳು. ಆಗ ನಾನು ತಟ್ಟೆಯ ಸಂಗತಿ ಹೇಳಿದೆ. ಅವರು ಎದ್ದು ನಿಂತು, ‘ಇದನ್ನು ಮೊದಲೇ ಹೇಳಬಾರದಿತ್ತೇ?’ ಎಂದರು. ಮುಂಮೆದುಳಿನ ಒಂದು ಬದಿಗೆ ಪೆಟ್ಟು ಬಿದ್ದಾಗ ಎದುರು ಬದಿಯ ಜಗತ್ತನ್ನೇ ನಾಯಿ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲವಂತೆ. ಎಡಗಡೆಯ ಅನ್ನ ಭೀಮನ ಪಾಲಿಗೆ ಇರಲೇ ಇಲ್ಲ. ಅಮ್ಮ ತಟ್ಟೆ ತಿರುಗಿಸಿದಾಗ ಅದು ಇದ್ದಕ್ಕಿದ್ದಂತೆ ಹುಟ್ಟಿಕೊಂಡಿತ್ತು. ಮೂರು ವಾರ ನಮ್ಮ ಕಣ್ಣೆದುರಿಗೇ ರೋಗ ತನ್ನ ವಿಳಾಸವನ್ನು ಬರೆದಿಟ್ಟಿತ್ತು, ನಮಗೆ ಓದಲು ಬರಲಿಲ್ಲ.

ಇಂಥ ಪರೀಕ್ಷೆ ಗಾಯ ಎಲ್ಲಿದೆ ಎಂದು ಹೇಳುತ್ತದೆ, ಏನು ಎಂದು ಹೇಳುವುದಿಲ್ಲ. ಎಲ್ಲವೂ ಸರಿಯಿದೆ ಎಂದು ಕಂಡರೂ ಗೆಡ್ಡೆ ಇಲ್ಲವೆಂದಲ್ಲ. ಮೆದುಳಿನ ತೀರಾ ಮುಂದಿನ, ವಾಸನೆಗೆ ಸಂಬಂಧಿಸಿದ ಭಾಗದಲ್ಲಿ ಗೆಡ್ಡೆ ಬೆಳೆದರೆ ಫಿಟ್ಸ್ ಬಿಟ್ಟು ಬೇರೇನೂ ಕಾಣದಿರಬಹುದು.

ಲಕ್ವ ಎಂಬ ಮಾತಿಗೆ ಬರುತ್ತೇನೆ, ಏಕೆಂದರೆ ಈ ಪದದಿಂದ ಪ್ರಾಣ ಹೋಗುವುದನ್ನು ನೋಡಿದ್ದೇನೆ. ವಯಸ್ಸಾದ ನಾಯಿ ಒಂದು ಬೆಳಿಗ್ಗೆ ಏಳಲಾರದೆ ಉರುಳಿ ಬೀಳುತ್ತದೆ, ತಲೆ ಒಂದು ಕಡೆಗೆ ವಾಲಿರುತ್ತದೆ, ಕಣ್ಣುಗುಡ್ಡೆಗಳು ಗಡಿಯಾರದ ಲೋಲಕದಂತೆ ಅತ್ತಿತ್ತ ಓಡುತ್ತಿರುತ್ತವೆ, ವಾಂತಿ. ನೋಡಿದವರಿಗೆ ಎದೆ ಒಡೆಯುತ್ತದೆ. ‘ಇನ್ನು ಮುಗಿಯಿತು, ಇಂಜೆಕ್ಷನ್ ಕೊಡಿಸಿಬಿಡಿ’ ಎನ್ನುತ್ತಾರೆ. ನಮ್ಮ ಕ್ಯಾಂಪಿನಲ್ಲೇ ಒಂದು ಹದಿಮೂರು ವರ್ಷದ ಪೊಮೆರೇನಿಯನ್‌ಗೆ ಹೀಗಾಗಿ, ಮನೆಯವರು ಗುಂಡಿ ತೋಡಿಸುವ ಮಾತಾಡಿದ್ದರು. ಅದು ಒಳಗಿವಿಯ ಸಮತೋಲನದ ನರದ ತೊಂದರೆ. ಮುದಿನಾಯಿಗಳಲ್ಲಿ ಕಾರಣವಿಲ್ಲದೆ ಬರುತ್ತದೆ, ಕೆಲವು ದಿನಗಳಲ್ಲಿ ಇಳಿಯುತ್ತದೆ, ಎರಡು ಮೂರು ವಾರಗಳಲ್ಲಿ ನಾಯಿ ಬಹುಮಟ್ಟಿಗೆ ಮೊದಲಿನಂತಾಗುತ್ತದೆ. ಆ ಪೊಮೆರೇನಿಯನ್ ಹತ್ತನೆಯ ದಿನ ಗೇಟಿನ ತನಕ ಬಂದು ಹಾಲಿನವನಿಗೆ ಬೊಗಳಿತು, ತಲೆ ಮಾತ್ರ ಸ್ವಲ್ಪ ವಾಲಿತ್ತು. ಇದನ್ನೂ ಮೆದುಳಿನ ಬುಡದ ಗೆಡ್ಡೆಯನ್ನೂ ಬೇರ್ಪಡಿಸಲು ಅದೇ ಪಾದದ ಪರೀಕ್ಷೆ ಬಹಳ ನೆರವಾಗುತ್ತದೆ. ಕಿವಿಯ ತೊಂದರೆಯಾದರೆ ಮಡಚಿದ ಪಾದವನ್ನು ನಾಯಿ ಸರಿಮಾಡಿಕೊಳ್ಳುತ್ತದೆ, ಮಂಕಾಗಿರುವುದಿಲ್ಲ, ಕಣ್ಣುಗುಡ್ಡೆ ಅಡ್ಡಕ್ಕೆ ಅಥವಾ ಸುತ್ತುತ್ತಾ ಓಡುತ್ತದೆ. ಪಾದದ ಅರಿವು ತಪ್ಪಿದ್ದರೆ, ನಾಯಿ ಮಂಕಾಗಿದ್ದರೆ, ಕಣ್ಣುಗುಡ್ಡೆ ಮೇಲೆ ಕೆಳಗೆ ಓಡುತ್ತಿದ್ದರೆ ತೊಂದರೆ ಮೆದುಳಿನದು. ತಲೆ ವಾಲಿದ ನಾಯಿಗೆ ಮರಣದ ಇಂಜೆಕ್ಷನ್ ಕೇಳುವ ಮುನ್ನ, ದಯವಿಟ್ಟು, ಒಂದೆರಡು ವಾರ ಕಾಯಿರಿ.

ರಕ್ತ ಪರೀಕ್ಷೆಯಲ್ಲಿ ಗೆಡ್ಡೆ ಕಾಣುವುದಿಲ್ಲ. ಆದರೂ ಅದನ್ನು ಬಿಡುವಂತಿಲ್ಲ, ಏಕೆಂದರೆ ಮೆದುಳು ಸರಿಯಿದ್ದೂ ರಕ್ತ ಕೆಟ್ಟರೆ ಫಿಟ್ಸ್ ಬರುತ್ತದೆ. ಸಕ್ಕರೆ ತೀರಾ ಇಳಿದಿದೆಯೇ, ಲಿವರ್ ತನ್ನ ಕೆಲಸ ಮಾಡುತ್ತಿದೆಯೇ, ಕಿಡ್ನಿ, ಕ್ಯಾಲ್ಸಿಯಂ, ಸೋಡಿಯಂ ಹೇಗಿವೆ ಎಂದು ನೋಡುತ್ತಾರೆ. ಮುದಿನಾಯಿಗಳಲ್ಲಿ ಮೇದೋಜೀರಕ ಗ್ರಂಥಿಯ ಒಂದು ಗೆಡ್ಡೆ ಇನ್ಸುಲಿನ್ ಸುರಿಸಿ ಸಕ್ಕರೆಯನ್ನು ಕೆಳಗಿಳಿಸುತ್ತದೆ. ಖಾಲಿ ಹೊಟ್ಟೆಯಲ್ಲಿ, ಓಡಾಡಿ ದಣಿದಾಗ ಫಿಟ್ಸ್ ಬರುತ್ತಿದ್ದರೆ ಇದರ ಮೇಲೆ ಕಣ್ಣಿಡಬೇಕು. ಮನೆಯ ಗ್ಲುಕೋಮೀಟರ್‌ನಲ್ಲಿ ನೋಡುವವರಿದ್ದಾರೆ. ಮನುಷ್ಯರ ಯಂತ್ರ ನಾಯಿಯ ರಕ್ತದಲ್ಲಿ ನಿಜಕ್ಕಿಂತ ಸ್ವಲ್ಪ ಕಡಿಮೆ ತೋರಿಸುವುದುಂಟು, ಅದನ್ನು ನೆನಪಿಡಬೇಕು. ನಮ್ಮ ಬಿಸಿಲು ನಾಡಿನಲ್ಲಿ ಉಣ್ಣಿಗಳ ಕಾಟ ಹೇಳತೀರದು. ಉಣ್ಣಿಯಿಂದ ಬರುವ ಎರ್ಲಿಕಿಯಾ ಎಂಬ ಸೋಂಕು ಪ್ಲೇಟ್‌ಲೆಟ್‌ಗಳನ್ನು ಇಳಿಸಿ ಮೆದುಳಿನಲ್ಲಿ ರಕ್ತಸ್ರಾವವನ್ನೂ ಉರಿಯೂತವನ್ನೂ ತರಬಲ್ಲದು. ಆ ಪರೀಕ್ಷೆಯನ್ನೂ ಮಾಡಿಸಿದೆವು. ಲಸಿಕೆ ಹಾಕಿಸದ ನಾಯಿಯಾದರೆ ಡಿಸ್ಟೆಂಪರ್ ಎಂಬ ವೈರಸ್ ರೋಗವೂ ಈ ಸಾಲಿಗೆ ಸೇರುತ್ತದೆ.

ತಲೆಯ ಎಕ್ಸ್-ರೇ ತೆಗೆಸಿ ಎಂದು ನಮಗೆ ಬಹಳ ಜನ ಹೇಳಿದರು. ಎಕ್ಸ್-ರೇಯಲ್ಲಿ ತಲೆಬುರುಡೆ ಕಾಣುತ್ತದೆ, ಅದರೊಳಗಿನ ಮೆದುಳು ಕಾಣುವುದಿಲ್ಲ. ತೆಗೆಸಬೇಕಾದದ್ದು ಎದೆಯ ಎಕ್ಸ್-ರೇ ಮತ್ತು ಹೊಟ್ಟೆಯ ಸ್ಕ್ಯಾನ್. ಮೆದುಳಿನ ಗೆಡ್ಡೆ ಬೇರೆಡೆಯಿಂದ ರಕ್ತದಲ್ಲಿ ತೇಲಿ ಬಂದದ್ದೂ ಆಗಿರಬಹುದು: ಗುಲ್ಮದ ಕ್ಯಾನ್ಸರ್, ಹೆಣ್ಣುನಾಯಿಯ ಕೆಚ್ಚಲಿನ ಗಂಟು. ಶ್ವಾಸಕೋಶದಲ್ಲಿ ಗಂಟುಗಳು ಕಂಡರೆ ದೊಡ್ಡ ಊರಿಗೆ ಹೋಗುವ ಪ್ರಶ್ನೆಯೇ ಬದಲಾಗುತ್ತದೆ.

ಒಂದು ತಪ್ಪು ನಮ್ಮಿಂದಲೂ ಆಯಿತು. ಫಿಟ್ಸ್ ಬಂದ ಬೆಳಿಗ್ಗೆ ಗಾಬರಿಯಲ್ಲಿ ಮೊದಲು ಒಯ್ದ ಕಡೆ ಸ್ಟಿರಾಯ್ಡ್ ಇಂಜೆಕ್ಷನ್ ಕೊಟ್ಟರು. ಎರಡು ದಿನ ಭೀಮ ಚುರುಕಾದ, ನಾವು ಕೈಮುಗಿದೆವು. ಸ್ಟಿರಾಯ್ಡ್ ಮೆದುಳಿನ ಊತವನ್ನು ಇಳಿಸುತ್ತದೆ ಎಂಬುದು ನಿಜ. ಆದರೆ ರೋಗದ ಹೆಸರು ಗೊತ್ತಾಗುವ ಮುನ್ನ ಕೊಟ್ಟರೆ ಅದು ಸಾಕ್ಷ್ಯವನ್ನು ಅಳಿಸುತ್ತದೆ. ಮೆದುಳಿನ ಉರಿಯೂತ, ಲಿಂಫೋಮಾ ಎಂಬ ಬಿಳಿರಕ್ತಕಣಗಳ ಕ್ಯಾನ್ಸರ್ ಎರಡೂ ಅದಕ್ಕೆ ಕುಗ್ಗುತ್ತವೆ. ಸ್ಕ್ಯಾನ್‌ನಲ್ಲೂ ಬೆನ್ನುಹುರಿಯ ನೀರಿನಲ್ಲೂ ಗುರುತು ಸಿಗದಂತಾಗಬಹುದು. ಸೋಂಕಿದ್ದರೆ ಅದು ಹೆಚ್ಚುತ್ತದೆ. ಪ್ರಾಣಕ್ಕೆ ಕುತ್ತಿದ್ದಾಗ ಕೊಡಲೇಬೇಕಾಗುತ್ತದೆ, ಅದು ಬೇರೆ ಮಾತು. ಇಲ್ಲವಾದರೆ ‘ಇದು ಸ್ಟಿರಾಯ್ಡೇ? ಪರೀಕ್ಷೆಯ ತನಕ ತಡೆಯಬಹುದೇ?’ ಎಂದು ಕೇಳುವ ಹಕ್ಕು ನಮಗಿದೆ. ಅದಕ್ಕಿಂತ ಮುಖ್ಯವಾಗಿ ಫಿಟ್ಸ್ ಐದು ನಿಮಿಷ ಮೀರಿದರೆ, ಅಥವಾ 24 ಗಂಟೆಯಲ್ಲಿ ಎರಡು ಸಲ ಬಂದರೆ ತುರ್ತು ಚಿಕಿತ್ಸೆ ಬೇಕು. ಬಾಯಿಗೆ ಕೈ, ನೀರು, ಕಬ್ಬಿಣ, ಈರುಳ್ಳಿ ಏನೂ ಬೇಡ. ತಲೆಗೆ ಪೆಟ್ಟಾಗದಂತೆ ನೋಡಿಕೊಂಡು ಮೊಬೈಲಿನಲ್ಲಿ ವಿಡಿಯೊ ಮಾಡಿ. ಆ ಒಂದು ನಿಮಿಷದ ವಿಡಿಯೊ ವೈದ್ಯರಿಗೆ ನಮ್ಮ ಅರ್ಧ ಗಂಟೆಯ ವಿವರಣೆಗಿಂತ ಹೆಚ್ಚು ಹೇಳುತ್ತದೆ.

ಎಲ್ಲ ಮುಗಿದ ಮೇಲೆ ಉಳಿದದ್ದು ಎರಡೇ: ಗೆಡ್ಡೆ ಅಥವಾ ಉರಿಯೂತ. ನಿಜವಾದ ಲಕ್ವ, ಅಂದರೆ ಪಾರ್ಶ್ವವಾಯು, ಏಕಾಏಕಿ ಬಂದು ನಂತರ ನಿಲ್ಲುತ್ತದೆ ಅಥವಾ ಸುಧಾರಿಸುತ್ತದೆ. ಭೀಮ ವಾರದಿಂದ ವಾರಕ್ಕೆ ಇಳಿಯುತ್ತಿದ್ದ. ಎಂಆರ್‌ಐ ಮಾಡಿಸಬೇಕೇ? ವೈದ್ಯರು ನಮ್ಮನ್ನೇ ಪ್ರಶ್ನಿಸಿದರು: ‘ಉತ್ತರ ಗೊತ್ತಾದರೆ ನೀವು ಮಾಡುವುದು ಬದಲಾಗುತ್ತದೆಯೇ?’ ಶಸ್ತ್ರಚಿಕಿತ್ಸೆಗೆ ನಾವು ಸಿದ್ಧರಿರಲಿಲ್ಲ. ಆದರೆ ಉರಿಯೂತವಾಗಿದ್ದರೆ ರೋಗನಿರೋಧಕ ಶಕ್ತಿಯನ್ನು ತಗ್ಗಿಸುವ ಔಷಧಗಳನ್ನು ತಿಂಗಳುಗಟ್ಟಲೆ ಕೊಟ್ಟು ಉಳಿಸಿಕೊಳ್ಳುವ ಆಸೆಯಿತ್ತು. ಉತ್ತರಕ್ಕೆ ಬೆಲೆ ಇತ್ತು. ಆ ಬೆಲೆ ಇಲ್ಲದಿದ್ದಾಗ ಎಂಆರ್‌ಐ ಇಲ್ಲದೆ ಔಷಧ ಶುರು ಮಾಡುವುದು ನಾಯಿಯ ಮೇಲಿನ ಪ್ರೀತಿಗೆ ಕಡಿಮೆಯೇನಲ್ಲ, ಇದನ್ನು ನಾನು ಒತ್ತಿ ಹೇಳುತ್ತೇನೆ. ನಾಯಿಗಳಿಗೆ ಎಂಆರ್‌ಐ ಮಾಡುವ ಕಡೆಗೆ ಮೊದಲೇ ಫೋನ್ ಮಾಡಿ, ಅರಿವಳಿಕೆ ಕೊಡುವವರು ಆ ದಿನ ಇರುತ್ತಾರೆಯೇ ಎಂದು ಕೇಳಿಕೊಂಡು ಹೊರಟೆವು. ಸಿರುಗುಪ್ಪ, ಬಳ್ಳಾರಿ ದಾಟಿ ಬೆಂಗಳೂರಿಗೆ ರಾತ್ರಿಯಿಡೀ ಕಾರು. ಭೀಮನ ತಲೆ ಅಮ್ಮನ ತೊಡೆಯ ಮೇಲಿತ್ತು.

ಮನುಷ್ಯರಿಗೆ ‘ಅಲುಗಾಡಬೇಡಿ’ ಎಂದರೆ ಸಾಕು. ನಾಯಿಗೆ ಪೂರ್ಣ ಅರಿವಳಿಕೆ ಬೇಕು. ಅಪಾಯವಿರುವುದು ಅಲ್ಲೇ. ತಲೆಬುರುಡೆ ಬಾಯಿ ಮುಚ್ಚಿದ ಹಿತ್ತಾಳೆ ಕೊಡವಿದ್ದಂತೆ, ಹಿಗ್ಗುವುದಿಲ್ಲ. ಗೆಡ್ಡೆ ಮತ್ತು ಅದರ ಸುತ್ತಲಿನ ಊತ ಆಗಲೇ ಜಾಗ ಹಿಡಿದಿರುತ್ತವೆ. ನಿದ್ದೆಯಲ್ಲಿ ಉಸಿರಾಟ ನಿಧಾನವಾಗಿ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಏರಿದರೆ ಮೆದುಳಿನ ರಕ್ತನಾಳಗಳು ಅಗಲವಾಗಿ ಒತ್ತಡ ಇನ್ನೂ ಏರುತ್ತದೆ. ಅದಕ್ಕೇ ಉಸಿರನ್ನು ಯಂತ್ರದಿಂದ ಹಿಡಿತದಲ್ಲಿಡುತ್ತಾರೆ, ಒತ್ತಡ ಇಳಿಸುವ ಮ್ಯಾನಿಟಾಲ್ ಕೈಯಳತೆಯಲ್ಲಿರುತ್ತದೆ.

ಎಂಆರ್‌ಐ ಎಂದರೆ ದೊಡ್ಡ ಅಯಸ್ಕಾಂತ, ಅದು ದೇಹದ ನೀರಿನಲ್ಲಿರುವ ಜಲಜನಕದ ಸಂಕೇತಗಳನ್ನು ಹಿಡಿದು ಚಿತ್ರ ಬಿಡಿಸುತ್ತದೆ. ಆರೋಗ್ಯವಂತ ಮೆದುಳಿನ ನೀರಿಗೂ ಊದಿದ ಮೆದುಳಿನ ನೀರಿಗೂ ಬಣ್ಣ ಬೇರೆ. ಅರ್ಧ ಕೆಲಸವಾದ ಮೇಲೆ ಗ್ಯಾಡೊಲಿನಿಯಂ ಎಂಬ ಲೋಹವಿರುವ ದ್ರವವನ್ನು ರಕ್ತನಾಳಕ್ಕೆ ಕೊಡುತ್ತಾರೆ. ಮೆದುಳಿನ ರಕ್ತನಾಳಗಳಿಗೆ ಇರುವ ಬಿಗಿಯಾದ ತಡೆಗೋಡೆಯನ್ನು ಅದು ದಾಟಲಾರದು. ತಡೆಗೋಡೆ ಒಡೆದ ಕಡೆ, ಅಥವಾ ಆ ಗೋಡೆಯೇ ಇಲ್ಲದ ಹೊದಿಕೆಯಿಂದ ಹುಟ್ಟಿದ ಗೆಡ್ಡೆಯಲ್ಲಿ, ಅದು ಸೋರಿ ಬೆಳ್ಳಗೆ ಹೊಳೆಯುತ್ತದೆ. ಪರದೆಯ ಮೇಲೆ ಭೀಮನ ಬಲಮೆದುಳಿನ ಅಂಚಿನಲ್ಲಿ, ತಲೆಬುರುಡೆಯ ಒಳಗೋಡೆಗೆ ಅಂಟಿಕೊಂಡು, ನೆಲ್ಲಿಕಾಯಿ ಗಾತ್ರದ ಒಂದು ಬಿಳಿ ಗುಂಡು. ಅದರ ಬುಡದಿಂದ ಹೊದಿಕೆಯುದ್ದಕ್ಕೂ ಒಂದು ಬಿಳಿ ಬಾಲ. ಒಂದೇ ಸಮನಾದ ಹೊಳಪು, ಅಗಲ ಬುಡ, ಬಾಲ: ಈ ಮೂರೂ ಮೆನಿಂಜಿಯೋಮಾದ ಗುರುತು. ಗ್ಲಿಯೋಮಾ ಆಗಿದ್ದರೆ ಮೆದುಳಿನ ತಿರುಳಿನೊಳಗೆ, ಬಳೆಯಂತೆ ಅಂಚು ಮಾತ್ರ ಹೊಳೆಯುತ್ತ ಅಥವಾ ಹೊಳಪೇ ಇಲ್ಲದೆ ಕಾಣಬಹುದಿತ್ತು.

ಸಿಟಿ ಸ್ಕ್ಯಾನ್ ಅಗ್ಗ, ಬೇಗ ಮುಗಿಯುತ್ತದೆ, ಮೂಗಿನಿಂದ ಮೆದುಳಿಗೆ ಏರಿದ ಗೆಡ್ಡೆಗೂ ಮೂಳೆಯ ವಿವರಕ್ಕೂ ಒಳ್ಳೆಯದು. ಆದರೆ ಮೆದುಳಿನ ಬುಡದಲ್ಲಿ ಕಿವಿಯ ದಪ್ಪ ಮೂಳೆಗಳು ಚಿತ್ರವನ್ನು ಕೆಡಿಸುತ್ತವೆ. ಬೆನ್ನುಹುರಿಯ ನೀರನ್ನು ತೆಗೆಯುವ ಪರೀಕ್ಷೆ ಸ್ಕ್ಯಾನ್ ನೋಡಿದ ಮೇಲೆಯೇ ಆಗಬೇಕು. ತಲೆಯಲ್ಲಿ ಒತ್ತಡವಿದ್ದಾಗ ಕೆಳಗಿನಿಂದ ನೀರು ತೆಗೆದರೆ ಮೆದುಳು ಕೆಳಕ್ಕೆ ಜಾರಿ ಪ್ರಾಣ ಹೋಗಬಹುದು. ಭೀಮನಿಗೆ ಅದನ್ನು ಮಾಡಲಿಲ್ಲ.

ವರದಿಯಲ್ಲಿ ‘ಮೆನಿಂಜಿಯೋಮಾ ಇರುವ ಸಂಭವ ಹೆಚ್ಚು’ ಎಂದಿತ್ತು. ಇಷ್ಟು ಮಾಡಿದ ಮೇಲೂ ಸಂಭವವೇ ಎಂದು ನನಗೆ ಬೇಸರವಾಯಿತು. ಆದರೆ ಅದು ಪ್ರಾಮಾಣಿಕ ಮಾತು. ಖಚಿತ ಹೆಸರು ಸಿಗುವುದು ಗೆಡ್ಡೆಯ ಚೂರನ್ನು ತೆಗೆದು ಸೂಕ್ಷ್ಮದರ್ಶಕದಡಿ ನೋಡಿದಾಗ ಮಾತ್ರ. ಚಿತ್ರದಲ್ಲಿ ಪಾರ್ಶ್ವವಾಯು, ಉರಿಯೂತ, ಗ್ಲಿಯೋಮಾ ಒಂದನ್ನೊಂದು ಹೋಲುವುದುಂಟು.

ಶಸ್ತ್ರಚಿಕಿತ್ಸೆ, ವಿಕಿರಣ ಚಿಕಿತ್ಸೆಗಳ ಬಗ್ಗೆ ವೈದ್ಯರು ಬಿಡಿಸಿ ಹೇಳಿದರು. ಅವುಗಳಿಂದ ಕೆಲವು ನಾಯಿಗಳು ವರ್ಷ ಮೀರಿ ಬದುಕುತ್ತವೆ. ಔಷಧದಿಂದ ಮಾತ್ರ ನೋಡಿಕೊಂಡರೆ ವಾರಗಳು, ಹೆಚ್ಚೆಂದರೆ ಕೆಲವು ತಿಂಗಳು. ನಾವು ಔಷಧವನ್ನು ಆರಿಸಿಕೊಂಡೆವು: ಈಗ ಧೈರ್ಯವಾಗಿ ಪ್ರೆಡ್ನಿಸೊಲೋನ್ ಎಂಬ ಸ್ಟಿರಾಯ್ಡ್, ಫಿಟ್ಸ್‌ಗೆ ಫಿನೊಬಾರ್ಬಿಟೋನ್. ಮೊದಲ ಹತ್ತು ದಿನ ತೂಕಡಿಸಿದ, ಬಕೆಟ್ ಬಕೆಟ್ ನೀರು ಕುಡಿದ. ಎರಡು ವಾರದ ನಂತರ ರಕ್ತದಲ್ಲಿ ಫಿನೊಬಾರ್ಬಿಟೋನ್ ಮಟ್ಟ ನೋಡಿಸಿದೆವು. ಈ ಗುಳಿಗೆಯನ್ನು ಒಂದು ದಿನವೂ ತಪ್ಪಿಸುವಂತಿಲ್ಲ, ಏಕಾಏಕಿ ನಿಲ್ಲಿಸಿದರೆ ಫಿಟ್ಸ್ ಹಿಂದಿಗಿಂತ ಜೋರಾಗಿ ಬರುತ್ತದೆ.

ನಾಲ್ಕನೆಯ ದಿನದ ಹೊತ್ತಿಗೇ ತಟ್ಟೆ ಪೂರ್ತಿ ಖಾಲಿಯಾಗುತ್ತಿತ್ತು. ಮಳೆಗಾಲ ಕಳೆಯಿತು, ಕಾಲುವೆಗೆ ನೀರು ಬಂತು, ನಾಟಿ ಮುಗಿಯಿತು, ಭೀಮ ಬದುವಿನ ಮೇಲೆ ನಮ್ಮ ಹಿಂದೆ ನಡೆದ. ಅಕ್ಟೋಬರ್‌ನಲ್ಲಿ ಒಂದು ರಾತ್ರಿ ಎಡಗಡೆಯ ಅನ್ನ ಮತ್ತೆ ಉಳಿಯಿತು. ಅಮ್ಮ ತಟ್ಟೆ ತಿರುಗಿಸಿಟ್ಟರು. ನಾನು ವೈದ್ಯರಿಗೆ ಫೋನ್ ಮಾಡಿ ಅಷ್ಟನ್ನೇ ಹೇಳಿದೆ. ಮರುದಿನ ಬೆಳಿಗ್ಗೆ ಅವರೇ ಮನೆಗೆ ಬಂದರು.